ಆಷಾಢದಲ್ಲಿ ತಂದ ಮದರ್‌ಬೋರ್ಡ್

ಕಳೆದ ತಿಂಗಳು ಮುಳಬಾಗಿಲಿನಲ್ಲಿ ಒಂದು ದಾಖಲೆಯ ಜೆರಾಕ್ಸ್ ಮಾಡಿಸಲು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ತನ್ನ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಬ್ಲೋಯರಿನಿಂದ ಧೂಳು ಊದಿ, ಮತ್ತೆ ಆನ್ ಮಾಡಿದ. ಒಳಗೆ ಉಳಿದಿದ್ದ ಧೂಳು ಕಾದು ವಾಸನೆ ಬಂತು. ಸುಟ್ಟ ಕೂದಲಿಗೂ ಬಿಸಿ ತಗಡಿಗೂ ನಡುವಿನ ವಾಸನೆ. ಹಳೆಯ ಯಂತ್ರವನ್ನು ಬಹಳ ದಿನದ ಮೇಲೆ ಚಾಲೂ ಮಾಡಿದಾಗ ಬರುವಂಥದ್ದು. ನಾನು ಜೆರಾಕ್ಸ್ ತೆಗೆದುಕೊಂಡು ಹೊರಗೆ ಬಂದೆ. ನಾರಾಯಣಸ್ವಾಮಿಯವರ ಮನೆ ಅಲ್ಲಿಂದ ನಡೆದರೆ ಹತ್ತು ನಿಮಿಷ. ಅವರು ತೀರಿಕೊಂಡು ಒಂದು ವರ್ಷದ ಮೇಲಾಯಿತು. ಅವರ ಹೆಂಡತಿ ರತ್ನಮ್ಮ ಈಗಲೂ ಅಲ್ಲೇ ಇದ್ದಾರೆ, ಬ್ಲೌಸ್ ಹೊಲಿಯುತ್ತಾರೆ. ನಾನು ಆ ಕಡೆ ಹೋಗಲಿಲ್ಲ. ಕೋಲಾರದ ಬಸ್ಸು ಹತ್ತಿದೆ.

ಕೊರೊನಾ ಕಳೆದ ಮರುವರ್ಷದ ಮಾತು. ಆಗ ನಾನು ಕೋಲಾರದಿಂದ ಹೊರಡುತ್ತಿದ್ದ ನಾಲ್ಕು ಪುಟದ ಸಂಜೆ ಪತ್ರಿಕೆಯೊಂದರಲ್ಲಿ ಉಪಸಂಪಾದಕ. ಪತ್ರಿಕೆ ಈಗ ನಿಂತುಹೋಗಿದೆ, ಹೆಸರು ಬೇಡ. ಅದರ ಮೊದಲ ಪುಟವನ್ನು ಎಷ್ಟು ಜನ ಓದುತ್ತಿದ್ದರೋ ನನಗೆ ಗೊತ್ತಿಲ್ಲ. ನಾಲ್ಕನೆಯ ಪುಟವನ್ನು ಎಲ್ಲರೂ ಓದುತ್ತಿದ್ದರು. ಟೊಮೆಟೊ ಮತ್ತು ಮಾವಿನ ಮಂಡಿ ಧಾರಣೆ, ಹೊಸ ಅಂಗಡಿಯ ಪ್ರಾರಂಭೋತ್ಸವ, ಕಲ್ಯಾಣ ಮಂಟಪದ ಜಾಹೀರಾತು, ವೈಕುಂಠ ಸಮಾರಾಧನೆ, ಶ್ರದ್ಧಾಂಜಲಿ, ಎಲ್ಲ ಅದರಲ್ಲೇ. ಆ ಪುಟವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದವರು ನಾರಾಯಣಸ್ವಾಮಿ. ಸತ್ತವರ ಫೋಟೊ ಕೊಟ್ಟು ಹೋದ ಮನೆಯವರು ಹೆಸರು ತಪ್ಪಾಗಿ ಬರೆದಿದ್ದರೆ ಫೋನ್ ಮಾಡಿ ಕೇಳಿ ಸರಿಪಡಿಸುತ್ತಿದ್ದರು. ನಾನು ನೋಡಿದ ಹಾಗೆ ಆ ಪುಟದಲ್ಲಿ ಒಬ್ಬ ಸತ್ತವನ ಹೆಸರೂ ತಪ್ಪಾಗಿ ಅಚ್ಚಾಗಲಿಲ್ಲ.

ಅವರು ತಾಯಲೂರಿನ ಕಡೆಯವರು. ಚಿಕ್ಕಂದಿನಿಂದ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್ ಮೂಳೆಗೆ ಇಳಿದಿದೆ ಎಂದು ಡಾಕ್ಟರು ಹೇಳಿದ್ದರು. ಐವತ್ತು ದಾಟುವ ಹೊತ್ತಿಗೆ ಕುತ್ತಿಗೆ ತಿರುಗುವುದು ನಿಂತಿತ್ತು. ಪಕ್ಕದಲ್ಲಿ ನಿಂತವರ ಜೊತೆ ಮಾತಾಡಬೇಕಾದರೆ ಕುರ್ಚಿಯನ್ನೇ ತಿರುಗಿಸುತ್ತಿದ್ದರು. ಆಮೇಲೆ ಸೊಂಟ, ಆಮೇಲೆ ಮಂಡಿ. ಬೆರಳುಗಳು ಮಾತ್ರ ಸರಿಯಾಗಿದ್ದವು. ಮುಳಬಾಗಿಲಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಆ ಬೇಸಿಗೆಯಲ್ಲಿ ಬಸ್ಸಿನ ಮೆಟ್ಟಿಲು ಹತ್ತಲು ಆಗದೆ, ಕಂಡಕ್ಟರೂ ಇನ್ನೊಬ್ಬ ಪ್ರಯಾಣಿಕನೂ ಸೇರಿ ಎತ್ತಿ ಒಳಗೆ ಹಾಕುವುದು ರೂಢಿಯಾಯಿತು. ಒಂದು ದಿನ ಹಾಗೆ ಎತ್ತುವಾಗ ಕೈಜಾರಿ ಬಿದ್ದರು. ಎಂಟು ದಿನ ಬರಲಿಲ್ಲ.

ಒಂಬತ್ತನೆಯ ದಿನ ಆಟೊದಲ್ಲಿ ಬಂದಾಗ ಸಂಪಾದಕರು ಅವರನ್ನು ಒಳಗೆ ಕರೆದರು. ಪತ್ರಿಕೆಯ ಮಾಲೀಕರೂ ಅವರೇ. ನಾನೂ ಅಲ್ಲಿದ್ದೆ.

“ನಾರಾಯಣಸ್ವಾಮಿ, ಇನ್ಮೇಲೆ ನೀನು ಬರಬೇಡ. ಮನೇಲೇ ಒಂದು ಕಂಪ್ಯೂಟರ್ ಇಟ್ಕೊ. ದಿನಾ ಮಧ್ಯಾಹ್ನ ಒಂದು ಗಂಟೆ ಒಳಗೆ ಪುಟ ಕಳಿಸು. ಲಾಕ್ ತಗೊಂಡು ಹೋಗು.”

“ಯಾವಾಗ್ಲಿಂದ ಸಾರ್?”

“ವರಮಹಾಲಕ್ಷ್ಮಿ ಹಬ್ಬದ ಒಳಗೆ ಶುರು ಮಾಡು. ಅಲ್ಲೀಗಂಟ ಇಲ್ಲಿ ಹೆಂಗೋ ನಡಸ್ತೀವಿ. ಆಮೇಲೂ ಆಗ್ಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗ್ತದೆ, ಬೇಜಾರು ಮಾಡ್ಕೋಬಾರ್ದು.”

ಲಾಕ್ ಎಂದರೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ತುಂಡು. ಒಂದು ಬದಿಗೆ ಎರಡು ಸಾಲು ಸೂಜಿಗಳು. ಕಂಪ್ಯೂಟರಿನ ಹಿಂದೆ, ಹಳೆಯ ಕಾಲದ ಪ್ರಿಂಟರ್ ಸಿಕ್ಕಿಸುವ ಅಗಲ ಬಾಯಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ನಮ್ಮ ಕನ್ನಡ ತಂತ್ರಾಂಶ ತೆರೆಯುತ್ತಿತ್ತು. ಕಳ್ಳಪ್ರತಿ ಆಗಬಾರದೆಂದು ತಂತ್ರಾಂಶ ಮಾಡಿದವರು ಇಟ್ಟಿದ್ದ ಬೀಗ. ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಬೀಗ ಉಳಿದಿತ್ತು. ಕಚೇರಿಯಲ್ಲಿ ಅಂಥವು ಎರಡಿದ್ದವು. ಕಳೆದುಹೋದರೆ ಇನ್ನೊಂದು ಸಿಕ್ಕುವಂತಿರಲಿಲ್ಲ. ಆಯುಧಪೂಜೆಯ ದಿನ ನಾವು ಮೊದಲ ಕುಂಕುಮ ಇಡುತ್ತಿದ್ದದ್ದು ಮಾನಿಟರಿಗಲ್ಲ, ಅದಕ್ಕೆ.

ಕಚೇರಿಯಲ್ಲಿ ಯಂತ್ರ ಕೆಟ್ಟರೆ ತಗಡು ಬಿಚ್ಚುತ್ತಿದ್ದವನು ನಾನೇ. ಆದ್ದರಿಂದ ಸಾಮಾನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬೇರೆಯವರು ಕಂಪ್ಯೂಟರ್ ಕಟ್ಟುವಾಗ ಮೊದಲು ಪ್ರೊಸೆಸರ್ ಆರಿಸುತ್ತಾರೆ, ಅದಕ್ಕೆ ಹೊಂದುವ ಮದರ್‌ಬೋರ್ಡ್, ಆಮೇಲೆ ಉಳಿದದ್ದು. ನಾವು ಬಾಲದಿಂದ ಶುರು ಮಾಡಬೇಕಾಯಿತು. ಮೊದಲು ಲಾಕ್ ಹಿಡಿಯುವ ಬಾಯಿ ಇರಬೇಕು. ಆ ಬಾಯಿ ಇರುವ ಬೋರ್ಡ್ ಸಿಕ್ಕಬೇಕು. ಅದಕ್ಕೆ ಯಾವ ಪ್ರೊಸೆಸರ್ ಹಿಡಿಯುತ್ತದೋ ಅದು. ಲಾಕ್ ಹಳೆಯ ವಿಂಡೋಸಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಆ ವಿಂಡೋಸಿಗೆ ನಾಲ್ಕು ಜಿಬಿ ರ‍್ಯಾಮ್ ಸಾಕು, ಹೆಚ್ಚು ಹಾಕಿದರೂ ಗುರುತಿಸದು.

ಇನ್ನು ಕೆಲವು ಸಾಮಾನನ್ನು ನಾರಾಯಣಸ್ವಾಮಿಯವರ ಮೈ ಆರಿಸಿತು. ಬಗ್ಗಲು ಆಗುವುದಿಲ್ಲ, ಆದ್ದರಿಂದ ಮೇಜಿನ ಮೇಲೆ ಕೂರುವ, ಸ್ವಿಚ್ಚು ನೆತ್ತಿಯ ಮೇಲಿರುವ ಕ್ಯಾಬಿನೆಟ್. ತಲೆ ತಗ್ಗಿಸಲು, ಎತ್ತಲು ಆಗುವುದಿಲ್ಲ, ಆದ್ದರಿಂದ ಮಾನಿಟರು ಕಣ್ಣಿನ ನೇರಕ್ಕೇ ನಿಲ್ಲಬೇಕು. ನಾನು ಅವರ ಮನೆಗೆ ಹೋಗಿ, ಕುರ್ಚಿಯಲ್ಲಿ ಕೂರಿಸಿ, ನೆಲದಿಂದ ಕಣ್ಣಿನವರೆಗೆ ಟೇಪು ಹಿಡಿದೆ. ರತ್ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ಏನಣ್ಣಾ, ಕಂಪ್ಯೂಟರ್‌ಗೂ ಅಳತೆ ತಗೋತಾರಾ? ನಾನು ಬ್ಲೌಸ್‌ಗೆ ಮಾತ್ರ ಅನ್ಕೊಂಡಿದ್ದೆ.”

“ಸುಮ್ನಿರೇ, ಅಲ್ಲಾಡಬೇಡಿ ಅಂತ ಹೇಳವ್ರೆ” ಎಂದರು ನಾರಾಯಣಸ್ವಾಮಿ.

“ನೀವು ಅಲ್ಲಾಡಿದ್ರೆ ತಾನೇ!”

ಅವರು ನಕ್ಕರು. ನಗುವಾಗ ಎದೆ ಮಾತ್ರ ಅಲುಗಿತು.

ಆ ಬಾಯಿ ಇರುವ ಹೊಚ್ಚಹೊಸ ಬೋರ್ಡ್ ಕೋಲಾರದ ಒಂದು ಅಂಗಡಿಯಲ್ಲಿ ಸಿಕ್ಕಿತು. ಒಂದೇ ಒಂದು ಇತ್ತು, ಬಹಳ ದಿನದಿಂದ ಕಪಾಟಿನಲ್ಲಿ ಕೂತದ್ದು. ಅದು ಸಿಕ್ಕಿದ್ದು ದೊಡ್ಡ ಅದೃಷ್ಟವೆಂದು ಆ ಕ್ಷಣವೇ ನಾರಾಯಣಸ್ವಾಮಿಗೆ ಫೋನ್ ಮಾಡಿದೆ.

“ನಿನ್ನೆ ಆಷಾಢ ಹುಟ್ಟಿತು ಸಾರ್” ಎಂದರು. “ಹೊಸ ಸಾಮಾನು ಮನೆಗೆ ತರಲ್ಲ ನಾವು. ನನಗೇನೂ ಇಲ್ಲ, ಮನೇಲಿ ಒಪ್ಪಲ್ಲ.”

“ಅಂಗಡೀಲೇ ಇಟ್ಟಿರಲಿ, ಹೆಸರಿಗೆ ಬರ್ಕೊಳ್ಳಿ ಅಂತ ಹೇಳ್ತೀನಿ.”

“ತಗೊಂಡಂಗೇ ಆಯ್ತಲ್ಲ ಸಾರ್ ಅದು.”

ನಾನು ವಾದಿಸಲಿಲ್ಲ. ಇಷ್ಟು ದಿನ ಕಪಾಟಿನಲ್ಲಿ ಕೂತ ಸಾಮಾನು ಇನ್ನೊಂದು ತಿಂಗಳು ಕೂರುತ್ತದೆ ಎಂದುಕೊಂಡೆ. ಹನ್ನೊಂದನೆಯ ದಿನ ಹೋದರೆ ಇರಲಿಲ್ಲ. ಅಕ್ಕಿ ಗಿರಣಿಯವರು ಯಾರೋ ಬಿಲ್ ಹಾಕುವ ಯಂತ್ರಕ್ಕೆಂದು ಕೊಂಡುಹೋಗಿದ್ದರು.

ಆ ಹೊತ್ತಿಗೆ ಬಾಷಾ ನೆನಪಾದ. ಶ್ರೀನಿವಾಸಪುರದಲ್ಲಿ ಹಳೆ ಕಂಪ್ಯೂಟರ್ ರಿಪೇರಿ ಮಾಡುವವನು, ನಮ್ಮ ಕಚೇರಿಗೂ ಬಂದುಹೋಗುತ್ತಿದ್ದ. ಒಂದು ಓಮ್ನಿ ವ್ಯಾನ್, ಅದರ ತುಂಬ ಬಿಚ್ಚಿದ ಯಂತ್ರಗಳು. ನಾರಾಯಣಸ್ವಾಮಿಯವರ ಮನೆಗೆ ಕರೆದುಕೊಂಡು ಹೋದೆ. ಆಷಾಢದ ಕತೆ ಕೇಳಿ ಅವನು ತೊಡೆ ತಟ್ಟಿ ನಕ್ಕ.

“ಏಮಿ ನಾರಾಯಣಣ್ಣ! ಆಷಾಢಕ್ಕೆ ಹೊಸ ಸೊಸೆ ತವರಿಗೆ ಹೋಗ್ತಾಳೆ, ಸರಿ. ಮದರ್‌ಬೋರ್ಡಿಗೆ ಯಾವ ತವರು? ಚೈನಾಗೆ ಕಳಿಸ್ತೀಯಾ?”

“ನೀನು ನಗು. ನಮ್ಮಪ್ಪ ಆಷಾಢದಲ್ಲಿ ಪಂಪ್‌ಸೆಟ್ ತಂದು ಏನಾಯ್ತು ಅಂತ ನನಗೆ ಗೊತ್ತು.”

“ಏನಾಯ್ತು?”

“ನೀರು ಬಂತು” ಎಂದರು ನಾರಾಯಣಸ್ವಾಮಿ. “ಅದನ್ನೇ ಕುಡಿದೆ.”

ಬಾಷಾನ ನಗು ನಿಂತಿತು. ಆಮೇಲೆ ಅವನೇ, “ಹಳೇ ಸಾಮಾನಾದ್ರೆ? ಯಾರೋ ವಾಪರಿಸಿದ್ದು. ಅದು ಹೊಸದಲ್ಲವಲ್ಲ” ಎಂದ. ಎಲ್ಲರೂ ರತ್ನಮ್ಮನ ಕಡೆ ನೋಡಿದೆವು. ನಾರಾಯಣಸ್ವಾಮಿ ಕುರ್ಚಿ ತಿರುಗಿಸಿ ನೋಡಿದರು. ರತ್ನಮ್ಮ ಸೂಜಿಗೆ ದಾರ ಪೋಣಿಸುತ್ತ, “ಹಳೇದಕ್ಕೇನು ಆಷಾಢ? ತನ್ನಿ” ಎಂದರು.

ಹೀಗೆ ಆ ಯಂತ್ರದ ಹಣೆಬರಹ ಗೊತ್ತಾಯಿತು. ಒಳಗಿನದು ಹಳೆಯದು, ಆಷಾಢದಲ್ಲಿ. ಹೊರಗಿನದು ಹೊಸದು, ಶ್ರಾವಣದಲ್ಲಿ.

ಆ ವರ್ಷ ಮಳೆ ಬಿಡಲಿಲ್ಲ. ನಮ್ಮ ಕಡೆ ಆಷಾಢವೆಂದರೆ ಗಾಳಿ ಮತ್ತು ಧೂಳು. ಆ ಸಲ ದಿನಾ ಮೋಡ, ದಿನಾ ಹನಿ. ಕೆರೆಗಳಲ್ಲಿ ನೀರು ನಿಂತಿತ್ತು, ಕೆಲವು ಕೋಡಿ ಹರಿಯುತ್ತಿದ್ದವು. ಜನ ಕುಟುಂಬ ಸಮೇತ ಹೋಗಿ ಕೋಡಿ ನೋಡಿ ಬರುತ್ತಿದ್ದರು, ನಾವು ಅದರ ಫೋಟೊ ಮೊದಲ ಪುಟದಲ್ಲಿ ಹಾಕುತ್ತಿದ್ದೆವು. ಟೊಮೆಟೊ ಹೊಲದಲ್ಲೇ ಕೊಳೆಯುತ್ತಿದ್ದುದರ ಸುದ್ದಿ ಎರಡನೆಯ ಪುಟಕ್ಕೆ ಹೋಗುತ್ತಿತ್ತು.

ಬಾಷಾನ ಲೆಕ್ಕಾಚಾರ ಸರಳವಾಗಿತ್ತು. ಎಲ್ಲಿ ಗರಗರ ಸದ್ದು ಮಾಡುವ ಹಳೆ ಬಿಲ್ ಪ್ರಿಂಟರ್ ಇದೆಯೋ ಅಲ್ಲಿ ನಮಗೆ ಬೇಕಾದ ಬಾಯಿ ಇರುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ವಿಚಾರಿಸಿದೆವು. ಕಾಯಿ ಮುಗಿದು ಮಂಡಿಗಳು ಬಾಗಿಲು ಹಾಕುವ ಕಾಲ. ಶೆಡ್ಡುಗಳಲ್ಲಿ ಕೊಳೆತ ಹಣ್ಣಿನ ಹುಳಿ ವಾಸನೆ, ನೊಣ. ಒಂದು ಮಂಡಿಯಲ್ಲಿ ಬೋರ್ಡ್ ಇತ್ತು, ಯಜಮಾನರು ಕೊಡಲೊಲ್ಲೆ ಎಂದರು. ಇನ್ನೊಂದರಲ್ಲಿ ಇಲಿ ಕಡಿದಿತ್ತು. ಹೊಸ ಬೋರ್ಡಿಗೆ ಸಿಕ್ಕಿಸುವ ಒಂದು ಕಾರ್ಡು ಬರುತ್ತದೆ, ಅದರಲ್ಲಿ ಅಂಥದೇ ಬಾಯಿ ಇರುತ್ತದೆ ಎಂದು ಯಾರೋ ಹೇಳಿದರು. ಬಾಷಾ ತನ್ನ ಅಂಗಡಿಯ ಯಂತ್ರಕ್ಕೆ ಅದನ್ನು ಹಾಕಿ ಲಾಕ್ ಸಿಕ್ಕಿಸಿ ನೋಡಿದ. ಬಾಯಿ ಸರಿಯಾಗಿ ಕೂತಿತು, ತಂತ್ರಾಂಶ ಮಾತ್ರ ‘ಲಾಕ್ ಕಾಣುತ್ತಿಲ್ಲ’ ಎಂದಿತು. ಹಳೆಯ ಲಾಕು ಬೋರ್ಡಿನಲ್ಲೇ ಹುಟ್ಟಿದ ಬಾಯಿಯನ್ನು ಮಾತ್ರ ನಂಬುತ್ತಿತ್ತು. ಕೊನೆಗೆ ಬಾಷಾನಿಗೆ ಮಾಲೂರಿನಿಂದ ಫೋನ್ ಬಂತು. ಮುಚ್ಚುತ್ತಿದ್ದ ಒಂದು ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಬಿಲ್ಲಿನ ಕಂಪ್ಯೂಟರ್ ಇದೆ, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಒಟ್ಟಿಗೆ ಕೊಡುತ್ತಾರೆ, ಭಾನುವಾರ ಬನ್ನಿ ಎಂದು.

ಆ ಭಾನುವಾರದ ಹಿಂದಿನ ಶುಕ್ರವಾರ ಕಚೇರಿಯಲ್ಲಿ ಒಂದು ಸಭೆ ನಡೆಯಿತು. ಇದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಬೆಂಗಳೂರಿನಿಂದ ಇಬ್ಬರು ಬಂದಿದ್ದರು. ಹಲವು ಸಣ್ಣ ಪತ್ರಿಕೆಗಳ ಪುಟಗಳನ್ನು ಕಟ್ಟಿಕೊಡುವ ಒಂದು ಸಂಸ್ಥೆಯವರು. ಅವರು ಹೇಳಿದ್ದು ಇಷ್ಟು. ದೀಪಾವಳಿಯಿಂದ ಪತ್ರಿಕೆಯ ಪುಟಗಳನ್ನು ತಾವೇ ಕಟ್ಟುತ್ತೇವೆ. ಎಲ್ಲವೂ ಯೂನಿಕೋಡಿನಲ್ಲಿ, ಹೊಸ ತಂತ್ರಾಂಶದಲ್ಲಿ. ಹಳೆಯ ಲಾಕಿನ ಫಾಂಟು ನಿಲ್ಲುತ್ತದೆ, ಆ ಕಾಲದ ಯಂತ್ರಗಳಲ್ಲಿ ಹೊಸದು ಓಡುವುದಿಲ್ಲ. ಜಿಲ್ಲೆಯಲ್ಲಿ ಮನೆಯಿಂದಲೇ ಕೆಲಸ ಮಾಡುವ ಕೆಲವರು ಬೇಕಾಗುತ್ತಾರೆ. ಹೊಸ ಯಂತ್ರ ಇರಬೇಕು, ಹೊಸ ಕೀಲಿಮಣೆಯಲ್ಲಿ ಟೈಪಿಂಗ್ ಪರೀಕ್ಷೆ ಕೊಡಬೇಕು. ಎಂಥ ಯಂತ್ರ ಎಂಬುದರ ಪಟ್ಟಿಯನ್ನೂ ಒಬ್ಬರು ಓದಿದರು. ನಾನು ಅಭ್ಯಾಸಬಲದಿಂದ ಬರೆದುಕೊಂಡೆ.

ಅವರು ಹೋದ ಮೇಲೆ ನಾನು ಸಂಪಾದಕರಿಗೆ, “ನಾರಾಯಣಸ್ವಾಮಿ ಹಳೇ ಸಾಮಾನು ಹುಡುಕ್ತಿದ್ದಾರೆ ಸಾರ್” ಎಂದೆ.

“ಗೊತ್ತು. ಈಗಲೇ ಹೇಳಬೇಡಿ. ಇದಿನ್ನೂ ಮಾತುಕತೆ, ಕರಾರಾಗಿಲ್ಲ. ಗೊತ್ತಾದ್ರೆ ಅಲ್ಲೀಗಂಟ ಕೆಲಸ ನಡೀಬೇಕಲ್ಲ, ಎಲ್ಲಾ ಕೈ ಬಿಟ್ಬಿಡ್ತಾರೆ.” ಆಮೇಲೆ, “ಡೆಸ್ಕಿನಲ್ಲೂ ನಿಮ್ಮಿಬ್ಬರಲ್ಲಿ ಒಬ್ಬರನ್ನ ಮಾತ್ರ ಇಟ್ಕೊಳ್ಳಕ್ಕಾಗೋದು. ಅದು ಮನಸ್ಸಿನಲ್ಲಿರಲಿ” ಎಂದರು.

ಡೆಸ್ಕಿನಲ್ಲಿ ನಾವು ಇಬ್ಬರು ಉಪಸಂಪಾದಕರಿದ್ದೆವು. ಆ ದಿನ ಇನ್ನೊಬ್ಬರು ರಜೆಯಲ್ಲಿದ್ದರು.

ಖಚಿತವಾಗದ ಸುದ್ದಿಯನ್ನು ಹಾಕಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಶುಕ್ರವಾರ ಸಂಜೆಯೂ ಶನಿವಾರವೂ ನಾನು ಆ ಪಾಠವನ್ನೇ ಹೇಳಿಕೊಂಡೆ. ಕರಾರಾಗಿಲ್ಲ, ಮುರಿದು ಬೀಳಬಹುದು, ಈಗ ಹೇಳಿ ಆ ಮನುಷ್ಯನ ಧೈರ್ಯ ಕೆಡಿಸುವುದೇಕೆ. ಈ ಮೂರೂ ಸುಳ್ಳಲ್ಲ. ಆದರೆ ಸಂಪಾದಕರ ಕೊನೆಯ ವಾಕ್ಯ ಇಲ್ಲದಿದ್ದರೂ ನಾನು ಹೀಗೇ ಯೋಚಿಸುತ್ತಿದ್ದೆನೇ ಎಂದು ಆಗ ಕೇಳಿಕೊಳ್ಳಲಿಲ್ಲ.

ಭಾನುವಾರ ಬಾಷಾನ ವ್ಯಾನಿನಲ್ಲಿ ಮಾಲೂರಿಗೆ ಹೊರಟೆವು. ನಾರಾಯಣಸ್ವಾಮಿ ಬರುವುದು ಬೇಡವೆಂದು ರತ್ನಮ್ಮ ಹೇಳಿದರೂ ಕೇಳಲಿಲ್ಲ. “ಬೋರ್ಡ್ ನಾನೇ ನೋಡಬೇಕು, ನನ್ನ ಲಾಕ್ ನಾನೇ ಹಾಕಿ ನೋಡಬೇಕು” ಎಂದರು. ಅಷ್ಟು ದೂರ ಕೂತು ಬರಲು ಆಗದೆಂದು ವ್ಯಾನಿನ ಹಿಂದಿನ ಸೀಟು ತೆಗೆದು, ಹಾಸಿಗೆ ಹಾಸಿ, ಅವರನ್ನು ಮಲಗಿಸಿದೆವು. ನಾನು ಪಕ್ಕದಲ್ಲಿ ಕಾಲು ಮಡಚಿ ಕೂತೆ. ಅವರು ವ್ಯಾನಿನ ಚಾವಣಿ ನೋಡುತ್ತ ಮಾತಾಡಿದರು. ಲಾಕನ್ನು ಬಟ್ಟೆಯಲ್ಲಿ ಸುತ್ತಿ ಎದೆಯ ಮೇಲೆ ಇಟ್ಟುಕೊಂಡಿದ್ದರು.

“ಸಾರ್, ಒಂದು ಮಾತು ಕೇಳ್ತೀನಿ. ಈ ಲಾಕು ಇನ್ನೆಷ್ಟು ವರ್ಷ ನಡೀತದೆ?”

ಹೊರಗೆ ಕೋಲಾರ ದಾಟಿದ್ದೆವು. ನರಸಾಪುರದ ಕಡೆಯ ಕಾರ್ಖಾನೆ ಬಸ್ಸುಗಳು ಸಾಲಾಗಿ ಎದುರು ಬರುತ್ತಿದ್ದವು.

“ಹೇಳಕ್ಕಾಗಲ್ಲ” ಎಂದೆ.

“ಒಂದು ಐದು ವರ್ಷ?”

“ಅಷ್ಟು ಹೇಳಕ್ಕಾಗಲ್ಲ ನಾರಾಯಣಸ್ವಾಮಿ.”

“ಮೂರು ಅನ್ನಿ. ಮೂರು ವರ್ಷ ನಡೆದ್ರೆ ಸಾಕು. ಆಮೇಲೆ ನನ್ನ ಬೆರಳೂ ನಿಂತೋಗ್ತವೆ, ಡಾಕ್ಟರ್ ಹೇಳವ್ರೆ. ಎರಡೂ ಒಟ್ಟಿಗೆ ರಿಟೈರ್ ಆಗ್ತೀವಿ.”

ಬಾಷಾ ಮುಂದಿನಿಂದ, “ಅಣ್ಣಾ, ನಿನ್ನ ಲಾಕಿಗೆ ಪೆನ್ಶನ್ ಬರ್ತದೆ, ನಿನಗೆ ಬರಲ್ಲ!” ಎಂದ. ಅವರು ಎದೆ ಅಲುಗಿಸಿ ನಕ್ಕರು, ಲಾಕು ಜಾರಿತು, ನಾನು ಹಿಡಿದುಕೊಂಡೆ. ಮಾಲೂರು ಬರಲು ಇನ್ನೂ ಅರ್ಧ ಗಂಟೆಯಿತ್ತು. ಟಿಪ್ಪಣಿ ಪುಸ್ತಕ ನನ್ನ ಜೇಬಿನಲ್ಲಿತ್ತು. ಹೊಸ ಯಂತ್ರದ ಪಟ್ಟಿ ಅದರಲ್ಲಿತ್ತು. ಓದಿ ಹೇಳಲು ಎರಡು ನಿಮಿಷ ಸಾಕಿತ್ತು.

ಹೆಂಚಿನ ಕಾರ್ಖಾನೆಯ ಗೂಡು ಆರಿ ಬಹಳ ದಿನವಾಗಿತ್ತು. ಅಂಗಳದಲ್ಲಿ ಜೋಡಿಸಿಟ್ಟ ಹೆಂಚುಗಳ ಮೇಲೆ ಪಾಚಿ ಬೆಳೆದಿತ್ತು. ಗುಮಾಸ್ತರೊಬ್ಬರು ಬೀಗ ತೆಗೆದರು. ಯಂತ್ರದ ಮೇಲೆ ಕೆಂಪು ಮಣ್ಣಿನ ಧೂಳು ಬೆರಳು ಮುಳುಗುವಷ್ಟು. ಬಾಷಾ ತಗಡು ಬಿಚ್ಚಿ ಬ್ರಷ್ಷಿನಿಂದ ಒರೆಸಿ, ಚಾಲೂ ಮಾಡಿದ. ಧೂಳು ಸುಟ್ಟ ವಾಸನೆ ಕೋಣೆ ತುಂಬಿತು. ಬಾಷಾ ಮೊದಲೇ ಒಂದು ಡಿಸ್ಕಿಗೆ ನಮ್ಮ ತಂತ್ರಾಂಶ ಹಾಕಿ ತಂದಿದ್ದ. ನಾರಾಯಣಸ್ವಾಮಿಯನ್ನು ಇಬ್ಬರು ಹಿಡಿದು ಯಂತ್ರದ ಹಿಂಬದಿಗೆ ನಿಲ್ಲಿಸಿದೆವು. ಬಗ್ಗಲು ಆಗದ್ದಕ್ಕೆ ಯಂತ್ರವನ್ನೇ ಎತ್ತಿ ಅವರ ಎದೆಯ ಮಟ್ಟಕ್ಕೆ ಹಿಡಿದೆವು. ಅವರು ಲಾಕ್ ಸಿಕ್ಕಿಸಿ, ಎರಡು ತಿರುಪು ಬಿಗಿದರು. ತಂತ್ರಾಂಶ ತೆರೆಯಿತು.

ಅವರು ಏನಾದರೂ ಟೈಪ್ ಮಾಡಿ ನೋಡಬೇಕಿತ್ತು. ರತ್ನಮ್ಮ ಎಂದು ಹೊಡೆದರು. ಗುಮಾಸ್ತರು ಕನ್ನಡಕ ಏರಿಸಿ ಓದಿ, “ಯಾರಿವರು, ತೀರಿಕೊಂಡವರಾ?” ಎಂದು ಕೇಳಿದರು. ನಮ್ಮದು ಶ್ರದ್ಧಾಂಜಲಿ ಹಾಕುವ ಪುಟವೆಂದು ಬಾಷಾ ಅವರಿಗೆ ಮೊದಲೇ ಹೇಳಿದ್ದ.

“ಛೆ ಛೆ, ನಮ್ಮ ಮನೆಯವರು!” ಎಂದು ನಾರಾಯಣಸ್ವಾಮಿ ಗಾಬರಿಯಿಂದ ಅಳಿಸಿದರು. ವಾಪಸು ಬರುವಾಗ ದಾರಿಯುದ್ದಕ್ಕೂ ಅದೇ ನಗು. ನಾನೂ ನಕ್ಕೆ.

ಶ್ರಾವಣದ ಮೊದಲ ಶುಕ್ರವಾರ ಹೊಸ ಸಾಮಾನು ಬಂತು. ನೆತ್ತಿಯ ಮೇಲೆ ಸ್ವಿಚ್ಚಿರುವ ಕ್ಯಾಬಿನೆಟ್, ಮಾನಿಟರು, ಯಂತ್ರಕ್ಕೆ ಕರೆಂಟು ಕೊಡುವ ಡಬ್ಬಿ, ಡಿಸ್ಕು, ಯುಪಿಎಸ್. ಕಿಟಕಿಯ ಹತ್ತಿರ ಬೆಳಕು ಬರುವ ಜಾಗ ಆ ಮನೆಯಲ್ಲಿ ಒಂದೇ ಇದ್ದದ್ದು. ಅಲ್ಲಿ ರತ್ನಮ್ಮನ ಹೊಲಿಗೆ ಯಂತ್ರವಿತ್ತು. ನಾನು ಹೋಗುವ ಹೊತ್ತಿಗೆ ಅವರು ಅದನ್ನು ಮುಂಬಾಗಿಲ ಜಗಲಿಗೆ ಎಳೆದುಕೊಂಡು ಹೋಗಿದ್ದರು. ಎರಚಲಿಗೆ ಗೋಣಿತಾಟು ಕಟ್ಟಿದ್ದರು.

“ಅಲ್ಲಿ ನೆನೀತದಲ್ಲಮ್ಮ” ಎಂದೆ.

“ನೆನೀಲಿ ಬಿಡಣ್ಣ. ಅವ್ರು ಮನೇಲಿ ಸುಮ್ನೆ ಮಲಗಿದ್ರೆ ನನ್ನ ಮೆಷಿನ್ ಒಣಗಿದ್ದು ಏನು ಸುಖ?”

ಬೋರ್ಡನ್ನು ಹೊಸ ಕ್ಯಾಬಿನೆಟ್ಟಿಗೆ ಕೂರಿಸುವಾಗ ಬಾಷಾ ಹೇಳಿದ ಮಾತು ಒಂದಿದೆ. “ಸಾರ್, ಇದು ಚೆನ್ನಾಗಿ ಓಡ್ತದೆ. ಆದ್ರೆ ಇದರ ಮುಂದಕ್ಕೆ ಏನೂ ಹಾಕಕ್ಕಾಗಲ್ಲ. ಇದೇ ಕೊನೆ. ಹೊಸ ವಿಂಡೋಸ್ ಕೇಳಿದ್ರೆ ಎಲ್ಲಾ ಬಿಸಾಕಬೇಕು.” ಅವನು ಸಹಜವಾಗಿ ಹೇಳಿದ. ತಲೆಯಾಡಿಸಿದವನು ನಾನು.

ಆಮೇಲಿನ ಎರಡೂವರೆ ತಿಂಗಳು ನಾಲ್ಕನೆಯ ಪುಟ ಒಂದು ದಿನವೂ ತಪ್ಪಲಿಲ್ಲ. ಹನ್ನೆರಡೂ ಮುಕ್ಕಾಲಿಗೆ ಬರುತ್ತಿತ್ತು. ಕರೆಂಟು ಹೋದರೆ ಯುಪಿಎಸ್ ಕಾಲು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಕಳುಹಿಸಿಬಿಡುತ್ತಿದ್ದರು. ಗಣಪತಿ ಹಬ್ಬದ ದಿನ ಮೂವತ್ತು ಶುಭಾಶಯದ ಜಾಹೀರಾತು ಬಂದವು, ಅಷ್ಟನ್ನೂ ಒಂದೇ ಪುಟದಲ್ಲಿ ಒಬ್ಬರ ಮುಖ ಇನ್ನೊಬ್ಬರಿಗಿಂತ ದೊಡ್ಡದಾಗದಂತೆ ಕೂರಿಸಿದರು. ಫೋನಿನಲ್ಲಿ, “ನೋಡಿದ್ರಾ ಸಾರ್, ಯಾರಿಗೂ ಜಗಳ ಆಡಕ್ಕೆ ಜಾಗ ಬಿಟ್ಟಿಲ್ಲ” ಎಂದರು. ಬಸ್ಸಿನ ಓಡಾಟ ತಪ್ಪಿ ಮುಖ ತುಸು ತುಂಬಿಕೊಂಡಿತ್ತು. ಆಯುಧಪೂಜೆಗೆ ನನ್ನನ್ನು ಮನೆಗೆ ಕರೆದರು. ಯಂತ್ರಕ್ಕೆ ಚೆಂಡುಹೂವಿನ ಹಾರ, ಜಗಲಿಯ ಹೊಲಿಗೆ ಯಂತ್ರಕ್ಕೂ ಒಂದು. ನನ್ನ ಎಲೆಗೆ ರತ್ನಮ್ಮ ಎರಡು ಸಲ ಪಾಯಸ ಬಡಿಸಿದರು.

ಕರಾರು ಆ ಹೊತ್ತಿಗೆ ಆಗಿತ್ತು. ಭಾದ್ರಪದದಲ್ಲೇ ಆಗಿತ್ತು. ಇನ್ನು ಖಚಿತವಾಗದ ಸುದ್ದಿ ಎನ್ನುವಂತಿರಲಿಲ್ಲ. ಆದರೆ ಬೋರ್ಡು ಕೂತಾಗಿತ್ತು, ಹೊಲಿಗೆ ಯಂತ್ರ ಜಗಲಿಗೆ ಹೋಗಿತ್ತು, ಈಗ ಹೇಳಿದರೆ ಮೊದಲೇಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಡೆಸ್ಕಿನ ಇನ್ನೊಬ್ಬ ಉಪಸಂಪಾದಕರಿಗೆ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ ಆಗಿತ್ತು. ಪಾಯಸ ಮುಗಿಸಿ ಎದ್ದೆ.

ದೀಪಾವಳಿಗೆ ಐದು ದಿನ ಮುಂಚೆ ಸಂಪಾದಕರು ನಾರಾಯಣಸ್ವಾಮಿಗೆ ಫೋನ್ ಮಾಡಿದರು. ಮರುದಿನ ನನಗೆ ನಾರಾಯಣಸ್ವಾಮಿಯಿಂದ ಫೋನ್ ಬಂತು. “ಒಂದು ಸಲ ಬಂದುಹೋಗಿ ಸಾರ್” ಎಂದಷ್ಟೇ ಅಂದರು.

ಮಧ್ಯಾಹ್ನ ಹೋದೆ. ಜಡಿಮಳೆ. ಯಂತ್ರ ಚಾಲೂ ಇತ್ತು, ಅವರು ಅದರ ಮುಂದೆ ನೆಟ್ಟಗೆ ಕೂತಿದ್ದರು. ನಾನು ಬಂದದ್ದು ಕೇಳಿಸಿದರೂ ಕುರ್ಚಿ ತಿರುಗಿಸಲು ಸ್ವಲ್ಪ ಹೊತ್ತು ಹಿಡಿಯಿತು. ಹೊಸ ಸಂಸ್ಥೆಯವರಿಗೆ ಬಾಷಾನಿಂದ ಫೋನ್ ಮಾಡಿಸಿ ಆಗಲೇ ಎಲ್ಲ ವಿಚಾರಿಸಿದ್ದರು. ಮನೆಯಿಂದ ಮಾಡುವವರನ್ನು ತೆಗೆದುಕೊಂಡು ಆಗಿದೆ, ಪರೀಕ್ಷೆ ಮುಗಿದಿದೆ, ಈ ಯಂತ್ರ ಹೇಗೂ ಆಗದು ಎಂದು ಉತ್ತರ ಬಂದಿತ್ತು. ಬಾಷಾ ಸಿಟ್ಟಿನಿಂದ ಫೋನ್ ಇಟ್ಟನಂತೆ.

“ಹೊಸ ಕೀಲಿಮಣೆ ಕಲಿಯೋದು ಏನು ಕಷ್ಟ ಸಾರ್?” ಎಂದರು ನಾರಾಯಣಸ್ವಾಮಿ. “ಎರಡು ತಿಂಗಳು ಸಾಕಿತ್ತು ನನಗೆ. ಬೆರಳು ಇನ್ನೂ ಇದಾವಲ್ಲ.”

ರತ್ನಮ್ಮ ಕಾಫಿ ತಂದರು. ಲೋಟ ಕೊಟ್ಟು ಅಲ್ಲೇ ನಿಂತರು. “ಅಣ್ಣಾ, ನೀವು ಆಫೀಸಿನಲ್ಲೇ ಇರ್ತೀರಿ. ನಿಮ್ಮ ಕಿವಿಗೆ ಬಿದ್ದಿರ್ಲಿಲ್ವಾ?”

ನಾನು ಬಾಯಿ ತೆರೆಯುವ ಮೊದಲು ನಾರಾಯಣಸ್ವಾಮಿ ಹೆಂಡತಿಯ ಮೇಲೆ ರೇಗಿದರು. “ಏನೇ ನಿನ್ನ ಮಾತು? ಅವ್ರಿಗೆ ಗೊತ್ತಿದ್ರೆ ನಮ್ಜೊತೆ ಮಾಲೂರಿಗ್ಯಾಕೆ ಬರ್ತಿದ್ರು? ಆ ಧೂಳಿನಲ್ಲಿ ನಿಂತು ಮೆಷಿನ್ ಎತ್ತಿ ಹಿಡೀತಿದ್ರಾ? ಮೊದ್ಲು ಒಳಗೆ ಹೋಗು.”

ರತ್ನಮ್ಮ ಹೋಗಲಿಲ್ಲ. ನನ್ನನ್ನು ನೋಡುತ್ತಿದ್ದರು. ನಾನು ಕಾಫಿ ಕುಡಿದೆ.

ನಾರಾಯಣಸ್ವಾಮಿ ಸಂಪಾದಕರಿಗೆ ಒಂದು ಅರ್ಜಿ ಬರೆಯಲು ನನ್ನನ್ನು ಕರೆದಿದ್ದರು. ಅದಕ್ಕೆ ಉತ್ತರ ಬರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರೇ ಟೈಪ್ ಮಾಡಿ ಇಟ್ಟಿದ್ದರು, ನಾನು ತಿದ್ದಿಕೊಡಬೇಕಿತ್ತು. ನನಗೆ ಕಾಣಲೆಂದು ಕುರ್ಚಿಯನ್ನು ಅಷ್ಟು ದೂರ ಸರಿಸಿದರು. ನಾನು ಮಾನಿಟರಿನ ಮುಂದೆ ನಿಂತು ಓದಿದೆ. ಇಪ್ಪತ್ತು ವರ್ಷದ ಸೇವೆ, ಮನೆಯ ಪರಿಸ್ಥಿತಿ, ಯಾವುದಾದರೂ ಸಣ್ಣ ಕೆಲಸ ಕೊಡಬೇಕೆಂಬ ವಿನಂತಿ. ಮೂರನೆಯ ಸಾಲು ಹೀಗಿತ್ತು: ‘ಆಷಾಢದಲ್ಲಿಯೇ ನನಗೆ ಯಾರಾದರೂ ತಿಳಿಸಿದ್ದರೆ ಹೊಸ ಸಾಮಾನನ್ನೇ ಕೊಂಡು ಹೊಸ ಟೈಪಿಂಗನ್ನು ಕಲಿಯುತ್ತಿದ್ದೆನು.’

“ಆ ಸಾಲು ಬೇಕಾ ಸಾರ್?” ಎಂದು ಅವರೇ ಕೇಳಿದರು. “ನನಗ್ಯಾಕೋ ಅನುಮಾನ. ನೀವು ಹೇಳಿದಂಗೆ ಮಾಡ್ತೀನಿ.”

ಇನ್ನೊಂದು ಸಲ ಓದಿದೆ. ವಾಕ್ಯದಲ್ಲಿ ತಪ್ಪಿರಲಿಲ್ಲ.

“ಬೇಡ ನಾರಾಯಣಸ್ವಾಮಿ” ಎಂದೆ. “ಯಾರ ಮೇಲೋ ದ್ವೇಷ ಇದ್ದಂಗೆ ಕಾಣ್ತದೆ. ತೆಗೀರಿ.”

“ಅದೂ ಸರೀನೇ” ಎಂದು ಅವರು ಕುರ್ಚಿಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಸಾಲಿನ ಕೊನೆಗೆ ಹೋಗಿ, ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸುತ್ತ ಬಂದರು. ಅದು ಪೂರ್ತಿ ಹೋಗುವವರೆಗೆ ನಾನು ಅವರ ಬೆನ್ನ ಹಿಂದೆ ನಿಂತು ನೋಡಿದೆ.